ಗೊಂಚಲಜ್ಜಿ ಕಡೆಯಿಂದ ಎಲ್ರಿಗೂ ಥ್ಯಾಂಕ್ಸ್

ಮೊನ್ನೆ ರಾಜ್ಯೋತ್ಸವದ ದಿನ ನಮ್ಮೂರ ಸ್ಕೂಲ್ ಸ್ಟೇಜ್ ಮೇಲೆ ನನ್ ಮಗಳು, ನಾವೇ ಕಟ್ಟಿದ ಕಥೆಯ ಗೊಂಚಲಜ್ಜಿ ವೇಷ ಹಾಕ್ಕೊಂಡು ಕೋಲು ಊರ್ಕೊಂಡು ನಡ್ಕೊಂಡು ಬಂದ್ಲು. ಕೋಲು ಪಾತ್ರಕ್ಕೆ ಅಂತ ಹಿಡಿದಿದ್ದು, ಕಾಲಿಗೆ ಅಲ್ಲ. ಜೂನಿಂದ ಇಲ್ಲೀವರೆಗೆ ನಮ್ಮನೆ ಕಥೆ ಗೊತ್ತಿರೋರಿಗೆ ಇಷ್ಟು ಹೇಳಿದ್ರೆ ಸಾಕು, ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿಂದಿಂದ ಹೇಳ್ಬೇಕು.

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟ್ರು ಅಂದ ತಕ್ಷಣ ಕಥೆ ಕವನ ಅನ್ಕೋಬೇಡಿ ಮಾರಾಯ್ರೆ, ಆಳಿನ ಹಾಜರಿ, ಗೊಬ್ಬರದ ಲೆಕ್ಕ, ಸ್ಟೋರ್ ರೂಮಿನ ಬೀಗದ ಕೈ ಕಾಯೋದು, ಬೆಳಿಗ್ಗೆ ಎದ್ದು ಮಳೆ ಅಳೆದು ಪುಸ್ತಕದಲ್ಲಿ ಬರಿಯೋದು, ಇಷ್ಟೇ ನನ್ ಸಾಹಿತ್ಯ. ಮೃಗಶಿರ ಮಳೆ ಹಿಡಿದು ಎರಡು ದಿನ ಆಗಿತ್ತಷ್ಟೆ, ಸೀಬೆ ಮರ ಜಾರ್ತಿದೆ ಹತ್ಬೇಡ ಅಂದ್ರೂ ಮಗಳು ಹತ್ತಿ ಬಿದ್ಲು, ಮೊಣಕಾಲಿಂದ ಕೆಳಗಿನ ಎರಡೂ ಮೂಳೆ ಮುರೀತು. ಮೊದ್ಲು ತೋರ್ಸಿದ ಕಡೆ ಎಂತ ಹೇಳಿದ್ರು ಅನ್ನೋದು ಇಲ್ಲಿ ಬೇಡ, ಬರೀತಾ ಹೋದ್ರೆ ಬೈಗುಳ ಆಗತ್ತೆ. ಆ ರಾತ್ರಿ ರೋಡಿಗೆ ಅಡ್ಡ ಬಿದ್ದಿದ್ದ ಮರಾನ ತಾನೇ ಗರಗಸ ತಗೊಂಡು ಕುಯ್ದು ಚಿಕ್ಕಮಗಳೂರಿಗೆ ಮುಟ್ಸಿದ ಜೀಪಿನ ಹುಡುಗನಿಗೆ ಮೊದಲ್ನೇ ಥ್ಯಾಂಕ್ಸ್. ಡೀಸೆಲ್ ದುಡ್ಡು ಇವತ್ತಿಗೂ ತಗೊಂಡಿಲ್ಲ ಪುಣ್ಯಾತ್ಮ.

ತೊಡೆವರೆಗೆ ಪ್ಲಾಸ್ಟರ್. ಮಳೆಗಾಲದಲ್ಲಿ ಪ್ಲಾಸ್ಟರ್ ಅಂದ್ರೆ ಎಂತ ಅಂತ ಮಲೆನಾಡಿನೋರಿಗೆ ಬಿಡಿಸಿ ಹೇಳೋದೇನು ಬೇಡ, ಬಟ್ಟೆನೇ ಒಣಗಲ್ಲ ಇನ್ನು ಇದು, ಒಳಗೆ ತುರಿಕೆ ಅಂತ ರಾತ್ರಿಯೆಲ್ಲ ಅಳೋದು, ಹಿಡಿಕಡ್ಡಿಗೆ ಹತ್ತಿ ಸುತ್ತಿ ಮೆಲ್ಲಗೆ ಒಳಗೆ ಬಿಟ್ಟು ಆಡ್ಸೋದು. (ಡಾಕ್ಟ್ರು ಆಮೇಲೆ ಬೈದ್ರು, ಹಾಗೆ ಮಾಡ್ಬಾರ್ದಂತೆ.) ಕರೆಂಟ್ ಇಲ್ಲ, ಟಿವಿ ಇಲ್ಲ, ನೆಟ್‌ವರ್ಕ್ ಅಂತೂ ಕೇಳ್ಬೇಡಿ. ಅಂಥ ಒಂದು ರಾತ್ರಿ "ಅಪ್ಪ ಈ ಮಳೆ ಯಾರು ಬಿಡ್ತಾರೆ, ನಿಲ್ಸಕ್ಕೆ ಹೇಳು" ಅಂದ್ಲು. ನನ್ ಕೈಯಲ್ಲಿ ಸ್ಟೋರ್ ರೂಮಿನ ಬೀಗದ ಕೈ ಗೊಂಚಲಿತ್ತು, ಅದನ್ನೇ ಅಲ್ಲಾಡ್ಸಿ, ಎತ್ತಿನಭುಜ ಬೆಟ್ಟದ ತುದೀಲಿ ಒಬ್ಳು ಅಜ್ಜಿ ಇದಾಳೆ, ಅವಳ ಸೊಂಟದಲ್ಲಿ 27 ಬೀಗದ ಕೈ ಇದೆ, ಒಂದೊಂದು ನಕ್ಷತ್ರಕ್ಕೆ ಒಂದೊಂದು ಕೋಣೆ, ಹದಿಮೂರು ಹದಿನಾಕು ದಿನಕ್ಕೊಂದು ಬಾಗ್ಲು ತೆಗೀತಾಳೆ ಅಂದೆ. ಅಷ್ಟೇ ಅನ್ಕೊಂಡಿದ್ದೆ. ಅಷ್ಟಕ್ಕೆ ಬಿಡ್ತಾಳಾ ಅವಳು?

ಬೆಳಿಗ್ಗೆ ಮಳೆ ಅಳೆಯೋ ಗಾಜಿನ ಜಾರ್ ನನ್ ಮಂಚಕ್ಕೇ ತಗೊಂಡ್ ಬಾ ಅಂದ್ಲು. ತಂದೆ. ಜಾರ್‌ನ ಕಿಟಕಿ ಹಲಗೆ ಮೇಲಿಟ್ಟು, ಗಲ್ಲ ಹಲಗೆಗೆ ಊರಿ, ಒಂದು ಕಣ್ಣು ಮುಚ್ಚಿ ನೀರಿನ ಗೆರೆ ಎಲ್ಲಿ ನಿಂತಿದೆ ಅಂತ ನೋಡೋಳು. ನಮ್ ತೋಟಗಳಲ್ಲಿ ಈಗ್ಲೂ ಇಂಚು ಸೆಂಟಿನ ಲೆಕ್ಕಾನೇ, 100 ಸೆಂಟಿಗೆ 1 ಇಂಚು. ಅವಳು ಓದಿ ಹೇಳೋಳು, ನಾನು ಬರ್ಕೊಳೋದು. ರಾತ್ರಿ ಕಥೆ ಹೇಳೋವಾಗ ಪುಸ್ತಕ ಪಕ್ಕದಲ್ಲೇ ಇರೋದು, ಕಥೇಲಿ ಧೋ ಅಂತ ಸುರೀತು ಅಂದ್ರೆ "ಸುಳ್ಳು, ನಿನ್ನೆ ಬರೀ ಎಂಟು ಸೆಂಟು" ಅನ್ನೋಳು. ಯಾವ ಆಡಿಟರ್‌ಗೂ ನಾನು ಇಷ್ಟು ಹೆದರಿಲ್ಲ.

ಹಂಗಾಗಿ ಈ ಅಜ್ಜೀನ ನಾನೊಬ್ನೇ ಹುಟ್ಸಿದ್ದು ಅಂತ ಯಾರೂ ತಿಳ್ಕೋಬೇಡಿ. ಆರಿದ್ರೆ ಬಂದಾಗ ನಮ್ಮತ್ತೆ "ಆರಿದ್ರೆ ಮಳೆ ಆರದೆ ಹೊಯ್ಯತ್ತೆ" ಅಂತ ಗಾದೆ ಹೇಳಿ ಕೂತ್ರು, ನೋಡಿದ್ರೆ ನಾಕು ದಿನ ಒಂದು ಹನಿ ಇಲ್ಲ, ಪುಸ್ತಕದಲ್ಲಿ ನಾಕು ಸೊನ್ನೆ. ಮಗಳು ನಮ್ಮಿಬ್ರ ಮುಖ ನೋಡ್ತಿದಾಳೆ. ಆಗ ತೋಟದ ಆಳುಗಳ ಲೈನ್ ಮನೆಯ ಅಕ್ಕ, ಹಾಲು ಕೊಡಕ್ಕೆ ಬಂದೋರು, ಬಾಗ್ಲಲ್ಲೇ ನಿಂತು "ಬೀಗ ತುಕ್ಕು ಹಿಡಿದಿರತ್ತೆ ಕಣೇ, ಅಜ್ಜಿಗೆ ಸ್ವಲ್ಪ ಎಣ್ಣೆ ಬಿಡಕ್ಕೆ ಹೇಳು" ಅಂದ್ರು. ಪುನರ್ವಸುಲಿ ಹಳ್ಳ ಉಕ್ಕಿ ಕಾಲುಸಂಕ ಕೊಚ್ಕೊಂಡು ಹೋದಾಗ ಅದೇ ಅಕ್ಕ "ನೋಡು, ಎಣ್ಣೆ ಜಾಸ್ತಿ ಆಯ್ತು". ಅಕ್ಕ, ನಿಮ್ ಎರಡು ಮಾತಿಂದ ನಮಗೆ ಒಂದು ತಿಂಗಳ ಕಥೆ ನಡೀತು. ಅತ್ತೆಗೂ ಥ್ಯಾಂಕ್ಸ್, ಗಾದೆ ಸುಳ್ಳಾದ್ರೂ ಬೇಜಾರ್ ಮಾಡ್ಕೊಳ್ದೆ "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅಂತ ಮುಂದಿಂದು ಶುರು ಮಾಡಿದ್ರು. ಮನೆಮಗಳು ಉಂಡ್ರೆ ಒಳ್ಳೇದಲ್ವಾ ಅಂತ ಇವಳ ಜಗಳ ಬೇರೆ.

ಹೂ ಮಳೆ ವಿಷ್ಯದಲ್ಲಿ ಮಾತ್ರ ನಾನೇ ಸಿಕ್ಕಾಕ್ಕೊಂಡೆ. ಅಶ್ವಿನಿಯಿಂದ ವಿಶಾಖದವರೆಗೆ 16 ಮಳೆ ನಕ್ಷತ್ರ, ಉಳಿದ 11 ಕೈ ಚಳಿ ಮಂಜು ಬಿಸಿಲಿಗೆ ಅಂತ ಹಂಚಿದ್ದೆ, "ಹಂಗಾದ್ರೆ ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಬರೋ ಮಳೆ ಯಾವ ಕೋಣೇದು" ಅಂತ ಕೇಳಿದ್ಲು. ಆ ಒಂದು ಮಳೆಗೆ ಇಡೀ ಜಿಲ್ಲೆ ಆಕಾಶ ನೋಡ್ತಾ ಕೂತಿರತ್ತೆ, ಬಂದ್ರೆ ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ಥರ ಘಮ, ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಡೀಸೆಲ್ ಸಾಲ. ಯೋಚ್ನೆ ಮಾಡಿ ಮಾಡಿ, ಅಜ್ಜಿಗೆ ಕಾಫಿ ಚಟ, ಯಾರಾದ್ರೂ ಒಳ್ಳೇ ಕಾಫಿ ಕೊಟ್ರೆ ಕದ್ದು ಒಂದು ಬಾಗ್ಲು ಸಂದು ಮಾಡ್ತಾಳೆ ಅಂದೆ. ಒಪ್ಕೊಂಡ್ಲು. ಅವತ್ತಿಂದ ನನ್ ಲೋಟದಲ್ಲಿ ಅರ್ಧ ಕಾಫಿ ಕಿಟಕಿ ಹೊರಗೆ.

ಆಶ್ಲೇಷ ಮುಗಿಯೋ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದ್ರು. ಕಾಲು ನುಗ್ಗೆಕಾಯಿ ಥರ ಆಗಿತ್ತು, ನೋಡಿ ನನ್ ಹೆಂಡ್ತಿ ಎದ್ದು ಹೊರಗೆ ಹೋದ್ಲು. ವ್ಯಾಯಾಮ ಮಾಡಿಸ್ತಿದ್ದ ಮೇಡಂಗೆ ಕೈ ಮುಗೀತೀನಿ, ಇವಳು ಹಟ ಮಾಡಿದ್ರೆ "ಅಜ್ಜಿ ಬೆಟ್ಟ ಹತ್ಬೇಕಲ್ಲ" ಅಂತ ನಮ್ ಕಥೇನೇ ತಿರುಗಿಸಿ ಹೊಡೀತಿದ್ರು.

ಟೀಚರ್ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಪ್ರತಿ ಶನಿವಾರ ಛತ್ರಿ ಹಿಡ್ಕೊಂಡು ಪಾಠ ಮಾಡಕ್ಕೆ ಬರೋರು, ಒಂದಿನ ಮಳೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಗಳು ಬರೆದಿದ್ದ ಅಜ್ಜಿ ಕಥೆ ಓದಿ ನಾಟಕ ಮಾಡೋಣ ಅಂದ್ರು. ಮಳೆ 16, ಮಗಳನ್ನ ಬಿಟ್ರೆ ಮಕ್ಕಳು 14. ಹುಬ್ಬೆ ಮಳೆಗೆ ಹೆಡ್ ಮಾಸ್ಟ್ರು ಹೊಟ್ಟೆಗೆ ದಿಂಬು ಕಟ್ಕೊಂಡ್ರು. ಕುರುಡು ಚಿತ್ತೆ ಎರಚಿದತ್ತ ಬೆಳೆ ಅಂತಾರಲ್ಲ, ಆ ಪಾರ್ಟು ಬಿಸಿಯೂಟದ ಅಕ್ಕಂದು, ಕಣ್ಣಿಗೆ ಬಟ್ಟೆ ಕಟ್ಕೊಂಡು ಮಂಡಕ್ಕಿ ಎರಚಿದ್ದು ನೋಡ್ಬೇಕಿತ್ತು ನೀವು, ಮುಂದಿನ ಸಾಲಲ್ಲಿ ಕೂತಿದ್ದ ದೊಡ್ಡೋರ ಪೇಟದ ಮೇಲೆಲ್ಲ.

ಕೊನೇ ಥ್ಯಾಂಕ್ಸು ಅವತ್ತು ನಾಟಕ ನೋಡಕ್ಕೆ ಬಂದಿದ್ದ ಅಷ್ಟೂ ಜನಕ್ಕೆ. ಸ್ವಾತಿ ಬಾಗ್ಲು ತೆಗೆಯೋ ಸೀನು ಮುಗಿದಿತ್ತು, ನಿಜವಾಗ್ಲೂ ಗುಡುಗು ಶುರು. ಮೊದಲ್ನೇ ಕೊಯ್ಲಿನ ಕಾಫಿ ಕಣದಲ್ಲಿ ಹರವಿತ್ತು. ನಾನು ಎದ್ದು ಓಡಿದೆ, ಹಿಂದೆ ನೋಡಿದ್ರೆ ಇಡೀ ಸ್ಕೂಲೇ ಓಡಿ ಬರ್ತಿದೆ, ದಿಂಬು ಕಟ್ಕೊಂಡಿದ್ದ ಹೆಡ್ ಮಾಸ್ಟ್ರೂ ಸೇರಿ, ಒಂದೊಂದು ಮೂಲೆ ಹಿಡಿದು ಟಾರ್ಪಾಲ್ ಎಳೀತಿದಾರೆ. ಆ ಗುಂಪಲ್ಲಿ ಅತ್ತೆಯ ಸೀರೆ ಎತ್ತಿ ಸಿಕ್ಕಿಸ್ಕೊಂಡು, ಬೀಗದ ಕೈ ಝಣಝಣ ಅನ್ನಿಸ್ಕೊಂಡು ಗೊಂಚಲಜ್ಜಿನೂ ಓಡ್ತಿದಾಳೆ. ಕೋಲು ಸ್ಟೇಜ್ ಮೇಲೇ ಬಿಟ್ಟು ಬಂದಿದ್ಲು.

ಮಾರನೇ ದಿನ ಬೆಳಿಗ್ಗೆ ಅವಳೇ ಹೋಗಿ ಮಳೆ ಅಳೆದು ಬಂದ್ಲು, 35 ಸೆಂಟು. ಪಕ್ಕದಲ್ಲಿ ಷರಾ ಅಂತ ಇರೋ ಕಾಲಂನಲ್ಲಿ ಪೆನ್ಸಿಲ್ಲಲ್ಲಿ ಬರೆದಿದಾಳೆ: "ಕಾಫಿ ನೆನೆದಿದ್ದಕ್ಕೆ ಸಾರಿ. ಇಂತಿ ಅಜ್ಜಿ."