ಮಾಯಾಬಂದರಿನ ನಾನಿಗೆ, ಮತ್ತು ನಿಮಗೆಲ್ಲ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಅಂಡಮಾನಿನಲ್ಲಿ ಎರಡು ವರ್ಷದ ಮಿಷನ್ ಸೇವೆ ಮುಗಿಸಿ ಹೋದ ವಾರ ಬೀದರಿಗೆ ಬಂದೆ. ಬಂದ ದಿನವೇ ಅವ್ವ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಎರಡು ವರ್ಷದಿಂದ ಆಸೆಪಟ್ಟ ಊಟ. ಎರಡನೇ ರೊಟ್ಟಿ ಮುರಿಯುವಾಗ ಅಪ್ಪ ಕೂಡುತ್ತಿದ್ದ ಜಾಗದ ಕಡೆ ನೋಡಿದೆ. ಆಮೇಲೆ ತಿನ್ನೋಕೆ ಆಗಲಿಲ್ಲ.

ಅಪ್ಪನ ಕಾಯಿಲೆಯ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯೋದಿಲ್ಲ. ಉಪವಾಸ ಪ್ರಾರ್ಥನೆ ಹಿಡಿದ ಮಂಗಲಪೇಟೆಯ ಸಭೆಯವರಿಗೆ, ಪಾಸ್ಟರ್ ಅಯ್ಯನವರಿಗೆ, ಹುಮನಾಬಾದಿನ ಕಾಕಾ-ಕಾಕುಗೆ, ಆಸ್ಪತ್ರೆಯಲ್ಲಿ ಪಾಳಿ ಹಚ್ಚಿಕೊಂಡು ಅಪ್ಪನ ಹತ್ತಿರ ಮಲಗಿದ ಓಣಿಯ ಹುಡುಗರಿಗೆ ನಾನು ಋಣಿ. ನಾನು ಮಾಡಬೇಕಾದ್ದನ್ನು ನೀವು ಮಾಡಿದಿರಿ.

ಅಲ್ಲಿ ಏನು ಮಾಡ್ತಿದ್ದೆ ಅಂತ ಬಂದವರೆಲ್ಲ ಕೇಳ್ತಿದ್ದಾರೆ. ನಾನಿದ್ದದ್ದು ಅಂಡಮಾನಿನ ಮಾಯಾಬಂದರ್ ಹತ್ತಿರ, ವೇಬಿ ಅನ್ನೋ ಊರಲ್ಲಿ. ಅದು ಕರೆನ್ ಜನರ ಊರು. ಅವರ ಹಿರಿಯರು 1925ರಲ್ಲಿ ಬರ್ಮಾದಿಂದ ಬಂದು ಕಾಡಿನ ಕೆಲಸಕ್ಕೆ ನಿಂತವರು. ಬರುವಾಗಲೇ ಬೈಬಲ್ ಹಿಡಿದು ಬಂದವರು, ಹಾಗಾಗಿ ಅವರಿಗೆ ನಾನು ಹೊಸದಾಗಿ ಹೇಳೋದು ಏನಿರಲಿಲ್ಲ. ಮಕ್ಕಳಿಗೆ ಸಂಡೇ ಸ್ಕೂಲ್, ಸಂಜೆ ಟ್ಯೂಷನ್, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ, ಇಷ್ಟೇ ನನ್ನ ಕೆಲಸ. ಗಡಿಯಾರ ನಮ್ಮದೇ, ಆದರೆ ಐದಕ್ಕೆಲ್ಲ ಬೆಳಕಾಗಿಬಿಡುತ್ತೆ. ಸಂಜೆ ಆರಕ್ಕೆ ಪೂರಾ ಕತ್ತಲೆ. ಮಲಗೋ ಮುಂಚೆ ಹಾಸಿಗೆ ಕೊಡವಲೇಬೇಕು, ಅಲ್ಲಿನ ಜರಿಹುಳ ಗೇಣುದ್ದ ಇರುತ್ತೆ. ಮಳೆ ಹಿಡಿದರೆ ಬಟ್ಟೆ ವಾರವಾದರೂ ಒಣಗೋದಿಲ್ಲ. ಇದೆಲ್ಲ ರೂಢಿಯಾಯಿತು. ಜೋಳ ಇಲ್ಲದ್ದು ಮಾತ್ರ ಕೊನೆವರೆಗೂ ರೂಢಿಯಾಗಲಿಲ್ಲ.

ಈ ಬರಹ ನಿಜವಾಗಿ ಒಬ್ಬರಿಗೆ. ಪಕ್ಕದ ಮನೆಯ ಕರೆನ್ ಅಜ್ಜಿಗೆ. ಊರಿನ ಮಕ್ಕಳೆಲ್ಲ ನಾನಿ ಅಂತಾರೆ, ನಾನೂ ಹಾಗೇ ಕರೆದೆ.

ಮೇ ತಿಂಗಳ ಆ ಸಂಜೆ ಅಣ್ಣನ ಫೋನ್ ಬಂದಾಗ ಅಲ್ಲಿ ಮಳೆ ಶುರುವಾಗಿತ್ತು. ಬೀದರಿನಲ್ಲಿ ಬಿಸಿಲು, ದೇಹ ಇಡುವ ಹಾಗಿರಲಿಲ್ಲ. ಮರುದಿನ ಹನ್ನೊಂದಕ್ಕೆ ಮಣ್ಣು ಅಂದ. ನಾನು ಲೆಕ್ಕ ಹಾಕಿದೆ. ಬೆಳಿಗ್ಗೆ ಮೊದಲ ಬಸ್ಸು. ಜಾರವಾ ಬುಡಕಟ್ಟಿನವರ ಕಾಡಿನಲ್ಲಿ ಗಾಡಿಗಳನ್ನು ಸಾಲಾಗಿಯೇ, ಸರ್ಕಾರದವರು ಗೊತ್ತುಮಾಡಿದ ಹೊತ್ತಿಗೇ ಬಿಡ್ತಾರೆ. ನಡುವೆ ಬಸ್ಸು ಫೆರ್ರಿ ಮೇಲೆ ಹತ್ತಿ ಸಮುದ್ರ ದಾಟಬೇಕು. ಪೋರ್ಟ್ ಬ್ಲೇರ್ ಮುಟ್ಟುವುದೇ ಸಂಜೆ. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ.

ನಾನಿ ಛತ್ರಿ ಹಿಡಿದು ಬಂದಳು. ಯಾರು ಹೇಳಿದರೋ ಗೊತ್ತಿಲ್ಲ. ಏನೂ ಕೇಳಲಿಲ್ಲ. ಒದ್ದೆಯಾದ ಲುಂಗಿಯ ಅಂಚು ಹಿಂಡಿಕೊಂಡು ನನ್ನ ಪಕ್ಕ ನೆಲದ ಮೇಲೆ ಕೂತಳು. ಕರೆಂಟ್ ಹೋಗಿತ್ತು. ತಗಡಿನ ಮೇಲೆ ಮಳೆಯ ಸದ್ದಿಗೆ ನನ್ನ ಅಳು ನನಗೇ ಕೇಳಿಸುತ್ತಿರಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ನಾನು ದೇವರ ಮೇಲೆ ಕೂಗಾಡಿದೆ. ನಿನ್ನ ಕೆಲಸಕ್ಕೆ ಅಂತ ಬಂದೆ, ಒಂದು ದಿನ, ಒಂದೇ ಒಂದು ದಿನ ಕೊಡೋಕೆ ನಿನಗೆ ಆಗಲಿಲ್ವಾ ಅಂದೆ. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಸುತ್ತಿದ್ದರು. ನಾನಿ, "ಕೂಗು ಬೇಟಿ, ಆತನಿಗೆ ಕೇಳಿಸುತ್ತೆ" ಅಂದಳು. ಎರಡು ಗಂಟೆಗೆ ಎದ್ದು ಗಂಜಿ ಕಾಸಿದಳು. ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ತನ್ನ ಅಪ್ಪನ ಮಾತು ಹೇಳಿದಳು. ಆತ ಬರ್ಮಾ ಬಿಟ್ಟಾಗ ಚಿಕ್ಕ ಹುಡುಗ. ಹಿಂದೆ ಉಳಿದ ಅವನ ಅಜ್ಜಿ ಯಾವಾಗ ಸತ್ತಳು, ಎಲ್ಲಿ ಮಣ್ಣಾದಳು, ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲವಂತೆ.

ಬೆಳಿಗ್ಗೆ ಅವಳ ಮನೆ ಹಿಂದಿನ ದಿನ್ನೆಗೆ ಕರೆದುಕೊಂಡು ಹೋದಳು. ಟವರ್ ಚೆನ್ನಾಗಿ ಸಿಗುವುದು ಅಲ್ಲೇ. ಅಣ್ಣ ಸಮಾಧಿ ಹತ್ತಿರ ಫೋನ್ ಹಿಡಿದು ನಿಂತಿದ್ದ. ಅಯ್ಯನವರ ಪ್ರಾರ್ಥನೆ ಕಡಿದು ಕಡಿದು ಬರುತ್ತಿತ್ತು. ಎಲ್ಲರೂ ಮಣ್ಣು ಹಾಕ್ತಿದ್ದಾರೆ ಅಂತ ಅಣ್ಣ ಹೇಳಿದ ಕೂಡಲೇ ನಾನಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗಿಟ್ಟಳು. ಒದ್ದೆ ಮಣ್ಣು, ತೆಂಗಿನ ಬೇರಿನ ಎಳೆ ಸೇರಿತ್ತು. ಅಲ್ಲೇ ತೆಂಗಿನ ಬುಡಕ್ಕೆ ಹಾಕಿದೆ. ಅಪ್ಪನಿಗೆ ನಾನು ಕೊಟ್ಟ ಮಣ್ಣು ಅದು.

ಮಣ್ಣಾಯಿತಲ್ಲ, ಕೆಲಸ ಮುಗಿಸಿಕೊಂಡೇ ಬಾ ಅಂದಳು ಅವ್ವ. ಉಳಿದ ನಾಲ್ಕು ತಿಂಗಳು ಪ್ರತಿ ರಾತ್ರಿ ನಾನಿ ನನ್ನ ಕೋಣೆಯಲ್ಲೇ ಮಲಗಿದಳು.

ಬೀದರಿಗೆ ಅಮೆರಿಕದಿಂದ ಬಂದು ಶಾಲೆ, ಆಸ್ಪತ್ರೆ ಕಟ್ಟಿದ ಮೆಥೋಡಿಸ್ಟ್ ಮಿಷನರಿಗಳ ಕಥೆ ಕೇಳುತ್ತಲೇ ನಾನು ಬೆಳೆದೆ. ಅವರಿಗೂ ಮನೆಯಿಂದ ಕೆಟ್ಟ ಸುದ್ದಿ ಬಂದಿರಬೇಕು ಅಲ್ವಾ? ಆ ರಾತ್ರಿ ಅವರ ಪಕ್ಕ ಕೂತ ನಮ್ಮ ಊರಿನ ಅಜ್ಜಿ ಯಾರೋ. ಈಗ ಅವಳ ನೆನಪೇ ಜಾಸ್ತಿ ಬರುತ್ತೆ.

ನಿನ್ನೆ ಅಪ್ಪನ ಸಮಾಧಿಗೆ ಹೋಗಿದ್ದೆ. ಕೆಂಪು ಮಣ್ಣು ಆಗಲೇ ಗಟ್ಟಿಯಾಗಿದೆ. ನಾನಿಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ, ಸೋಮವಾರ ಪೋಸ್ಟಿಗೆ ಹಾಕಬೇಕು. ಅವಳಿಗೆ ಕನ್ನಡ ಬರೋದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡಿ, ಇದನ್ನೆಲ್ಲ ಹಿಂದಿಯಲ್ಲಿ ಓದಿ ಹೇಳುತ್ತೇನೆ. ಅವಳು ದಿನ್ನೆ ಹತ್ತಿ ನಿಂತಿರುತ್ತಾಳೆ.