ಒಂದೇ ಮೈಕಿನ ಹಾಡಿಗೆ ಸ್ಟೀರಿಯೊ ಎಲ್ಲಿಂದ?

ಮಾನ್ಯ ಸಂಪಾದಕರೇ,

ಹಳೆಯ ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಅಲ್ಲಲ್ಲಿ ಇದ್ದಾರೆ. ಒಳ್ಳೆಯ ಕೆಲಸ. ಆದರೆ ‘ಮೊನೊ (ಒಂದೇ ಟ್ರ್ಯಾಕಿನ) ಟೇಪನ್ನು ಸ್ಟೀರಿಯೊ (ಎಡಕ್ಕೊಂದು, ಬಲಕ್ಕೊಂದು ಧ್ವನಿ) ಮಾಡಿಕೊಡುತ್ತೇವೆ’ ಅಂತ ಜಾಸ್ತಿ ದುಡ್ಡು ಕೇಳುವವರೂ ಇದ್ದಾರಲ್ಲ, ಅವರ ಬಗ್ಗೆ ಈ ಪತ್ರ. ನಾನು ದುರ್ಗದಬೈಲ್ ಹತ್ತಿರ ಟೇಪ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವನು.

ಹಾಡುವಾಗಲೇ ಕನಿಷ್ಠ ಎರಡು ಮೈಕ್ ಇಟ್ಟಿರಬೇಕು. ಟೇಪಿನ ಮೇಲೆ ಎರಡು ಟ್ರ್ಯಾಕ್ ಬೇರೆ ಬೇರೆ ಬಿದ್ದಿರಬೇಕು. ಅಷ್ಟಿದ್ದರೆ ಸ್ಟೀರಿಯೊ, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ, ಡಿಸ್ಕ್ ಮೇಲೆ ಪ್ರಯೋಗ ಮಾಡಿದ್ದ. ಟೇಪಿನಲ್ಲಿ ಮಾಡಿ ತೋರಿಸಿದವನು ಬರ್ಲಿನ್ ರೇಡಿಯೊದ ಇಂಜಿನಿಯರ್ ಹೆಲ್ಮುಟ್ ಕ್ರೂಗರ್. ಅದೂ ಮಹಾಯುದ್ಧದ ನಡುವೆ! 1940ರಲ್ಲಿ ಅಲ್ಲಿಯೇ ವಾಲ್ಟರ್ ವೆಬರ್ ಎಸಿ ಬಯಾಸ್ (ರೆಕಾರ್ಡ್ ಮಾಡುವಾಗ ಧ್ವನಿಯ ಜೊತೆ ಕಿವಿಗೆ ಕೇಳದಷ್ಟು ವೇಗದ ಕರೆಂಟ್ ಸೇರಿಸುವ ಉಪಾಯ) ಕಂಡುಹಿಡಿದು ಟೇಪಿನ ‘ಸುಯ್’ ಸದ್ದನ್ನು ತಗ್ಗಿಸಿದ್ದ. ಟೇಪ್ ಸೆಕೆಂಡಿಗೆ 77 ಸೆಂಟಿಮೀಟರ್ ಓಡುತ್ತಿತ್ತು. ನಮ್ಮ ಕ್ಯಾಸೆಟ್ ಐದೂ ಓಡುವುದಿಲ್ಲ ನೋಡಿ. 1944ರಲ್ಲಿ ವಾದ್ಯವೃಂದದ ನಿರ್ದೇಶಕ ಕಾರಾಯನ್ ನಡೆಸಿದ ಬ್ರುಕ್ನರ್ ಎಂಟನೇ ಸಿಂಫನಿಯ ಕೊನೆಯ ಭಾಗ ಹೀಗೆ ಸ್ಟೀರಿಯೊದಲ್ಲಿ ಉಳಿದಿದೆ. ಗೀಸೆಕಿಂಗ್ ಪಿಯಾನೊ ನುಡಿಸಿದ ಬೀಥೋವನ್ ಕಾನ್ಸರ್ಟೊದಲ್ಲಿ, ಸಂಗೀತ ಮೆಲ್ಲಗಾದ ಕಡೆ, ವಿಮಾನಕ್ಕೆ ಗುರಿಯಿಟ್ಟ ಫಿರಂಗಿಗಳ ಸಪ್ಪಳವೂ ಕೇಳುತ್ತದೆ. ಅಂದು ಮೈಕಿಗೆ ಬಿದ್ದದ್ದು ಇಂದಿಗೂ ಇದೆ. ಬೀಳದೇ ಇದ್ದದ್ದನ್ನು ಯಾವ ಸಾಫ್ಟ್‌ವೇರ್ ಹುಡುಕಿ ತರುತ್ತದೆ?

ಯುದ್ಧ ಮುಗಿದ ಮೇಲೆ ಅಮೆರಿಕದ ಮ್ಯಾಗ್ನೆಕಾರ್ಡ್ ಸ್ಟೀರಿಯೊ ಟೇಪ್ ಯಂತ್ರಗಳು ಬಂದವು. ಅವುಗಳಲ್ಲಿ ಎರಡು ಹೆಡ್‌ಗಳು (ಟೇಪಿಗೆ ಧ್ವನಿ ಬರೆಯುವ, ಓದುವ ಭಾಗಗಳು) ಸುಮಾರು ಒಂದೂಕಾಲು ಇಂಚು ದೂರದಲ್ಲಿ ಇರುತ್ತಿದ್ದವು. ಮುಂದೆ ಒಂದರ ಮೇಲೊಂದು ಕೂರಿಸಿದ ಹೆಡ್ ಬಂತು. ಹಳೆಯ ಟೇಪನ್ನು ಹೊಸ ಯಂತ್ರಕ್ಕೆ ಹಾಕಿದರೆ ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಒಂದು ಕಡೆಯ ಧ್ವನಿ ಸೆಕೆಂಡಿನ ಆರನೇ ಒಂದು ಭಾಗ ಹಿಂದೆ ಬೀಳುತ್ತದೆ. ತಬಲಾ ಕೇಳುವವರಿಗೆ ಅದು ಎಷ್ಟು ದೊಡ್ಡದು ಅಂತ ಹೇಳಬೇಕಿಲ್ಲ! ಆರ್‌ಸಿಎ ಕಂಪನಿ 1954ರಲ್ಲಿ ಬಾಸ್ಟನ್, ಶಿಕಾಗೊ ವಾದ್ಯವೃಂದಗಳನ್ನು ಸ್ಟೀರಿಯೊ ಟೇಪಿಗೆ ಇಳಿಸಿತು. ಸ್ಟೀರಿಯೊ ಎಲ್‌ಪಿ ಅಂಗಡಿಗಳಲ್ಲಿ ಎಲ್ಲರಿಗೂ ಸಿಗತೊಡಗಿದ್ದು 1958ರಲ್ಲಿ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಆ ಕಾಲದ ಟೇಪುಗಳು ಮೊನೊ. ಮನ್ಸೂರರ, ಗಂಗೂಬಾಯಿಯವರ ಹಳೆಯ ಧ್ವನಿಯನ್ನು ಸುಮ್ನೆ ಸೀಳಿ, ತಂಬೂರಿ ಎಡಕ್ಕೆ, ತಬಲಾ ಬಲಕ್ಕೆ ತಳ್ಳುವುದು ಯಾಕೆ? ಅದರ ಬದಲು ಹೆಡ್ ಒರೆಸಿ, ಅಲೈನ್‌ಮೆಂಟ್ ನೋಡಿ, ಸರಿಯಾದ ಸ್ಪೀಡಿನಲ್ಲಿ ಓಡಿಸಿ. ಮನೆಯಲ್ಲಿ ಸ್ಪೂಲ್ ಇರುವವರಿಗೆ ಇನ್ನೊಂದು ಮಾತು: ಕಾಪಿ ಕೈಗೆ ಬಂದ ಮೇಲೆ ಸ್ಪೂಲನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ಇಸಿದುಕೊಳ್ಳಿ.

– ಹಳೆಯ ಟೇಪ್ ರಿಪೇರಿಗಾರ, ಹುಬ್ಬಳ್ಳಿ