ಸಮ್ಮಿಳನ ರಿಯಾಕ್ಟರ್: ಅಪಾಯದ ಲೆಕ್ಕ ಜನರಿಗೂ ಸಿಗಲಿ

ಮಾನ್ಯರೇ,

ಹಗುರ ಪರಮಾಣುಗಳನ್ನು ಬೆಸೆದು ವಿದ್ಯುತ್ ತಯಾರಿಸುವ ಸಮ್ಮಿಳನ (ಫ್ಯೂಷನ್) ಸ್ಥಾವರಗಳಲ್ಲಿ ಅಪಘಾತದ ಭಯವೇ ಇಲ್ಲ ಎಂಬ ಮಾತು ಈಗೀಗ ಜಾಸ್ತಿ ಕೇಳಿಬರುತ್ತಿದೆ. ಅದು ಅರ್ಧ ನಿಜ. ಚೆರ್ನೋಬಿಲ್‌ನಲ್ಲಾದಂತೆ ಇಲ್ಲಿ ಕ್ರಿಯೆ ಕೈಮೀರಿ ಹೋಗುವುದಿಲ್ಲ. ಪ್ಲಾಸ್ಮಾದೊಳಗೆ, ಅಂದರೆ ಕ್ರಿಯೆ ನಡೆಯುವ ಅತಿ ಬಿಸಿ ಅನಿಲದೊಳಗೆ, ಇರುವ ಇಂಧನ ಕೆಲವೇ ಗ್ರಾಂ. ಏನಾದರೂ ಕೆಟ್ಟರೆ ಪ್ಲಾಸ್ಮಾ ತಣ್ಣಗಾಗಿ ತಾನೇ ಆರಿಹೋಗುತ್ತದೆ.

ಆದರೆ ಅಲ್ಲಿಗೇ ಎಲ್ಲ ಮುಗಿಯಿತು ಅಂತಲ್ಲ. ಇಂಧನವಾಗಿ ಬಳಸುವ ವಿಕಿರಣಶೀಲ ಹೈಡ್ರೋಜನ್, ಟ್ರಿಟಿಯಂ ಇದೆಯಲ್ಲ, ಅದೇ ದೊಡ್ಡ ತಲೆನೋವು. ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ) ಸುಮಾರು 12.3 ವರ್ಷ. ಬಿಸಿ ಲೋಹದ ಮೂಲಕವೂ ಅದು ನುಸುಳುತ್ತದೆ. ನೀರಿನ ರೂಪದಲ್ಲಿ ದೇಹಕ್ಕೂ ಸುಲಭವಾಗಿ ಸೇರುತ್ತದೆ. ನ್ಯೂಟ್ರಾನ್‌ಗಳ ಹೊಡೆತಕ್ಕೆ ಒಳಗೋಡೆಯೂ, ಅದರಿಂದ ಏಳುವ ದೂಳೂ ವಿಕಿರಣಶೀಲವಾಗುತ್ತವೆ. ಪ್ಲಾಸ್ಮಾ ಇರುವ ನಿರ್ವಾತ ಕೋಶಕ್ಕೆ ನೀರು ನುಗ್ಗಿ ಬಿಸಿ ದೂಳಿಗೆ ತಗುಲಿದರೆ ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್ ಹುಟ್ಟಬಹುದು. ಇನ್ನು ಫ್ರಾನ್ಸ್‌ನ ಐಟರ್ (ಹಲವು ದೇಶಗಳು ಸೇರಿ ಕಟ್ಟುತ್ತಿರುವ ಪ್ರಾಯೋಗಿಕ ಸಮ್ಮಿಳನ ರಿಯಾಕ್ಟರ್) ಯೋಜನೆಯಲ್ಲಿ ಪ್ಲಾಸ್ಮಾ ಗೋಡೆಗೆ ತಾಗದಂತೆ ತಡೆಯುವ ಆಯಸ್ಕಾಂತಗಳು ಹಿಡಿದಿಡುವ ಶಕ್ತಿಯೇ 51 ಗಿಗಾಜೌಲ್. ಅದು ಬೇಡದ ಕಡೆ ಬಿಡುಗಡೆಯಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಲೇಬೇಕು, ಅಲ್ವಾ?

ಐಟರ್‌ಗೆ ಫ್ರಾನ್ಸ್ 2012ರಲ್ಲಿ ಪರಮಾಣು ಸ್ಥಾವರವೆಂದೇ ಅನುಮತಿ ಕೊಟ್ಟಿತು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2023ರಲ್ಲಿ ಹಗುರ ದಾರಿ ಹಿಡಿಯಿತು: ಪರಮಾಣು ಒಡೆಯುವ ವಿದಳನ ಸ್ಥಾವರದ ನಿಯಮ ಬೇಡ, ವಿಕಿರಣ ವಸ್ತುಗಳ ನಿಯಮ ಸಾಕು ಎಂದಿತು. ನನಗೆ ಇದು ತಪ್ಪೆನಿಸುವುದಿಲ್ಲ. ಅಪಾಯ ಬೇರೆ ಇರುವಾಗ ಹಳೆಯ ನಿಯಮಗಳನ್ನು ಸುಮ್ನೆ ಹೇರಿ ಏನು ಪ್ರಯೋಜನ? ಆದರೆ ಟ್ರಿಟಿಯಂ ಎಷ್ಟು ಇಡುತ್ತಾರೆ, ತೀರಾ ಕೆಟ್ಟ ಅಪಘಾತದಲ್ಲಿ ಎಷ್ಟು ಹೊರಬೀಳಬಹುದು ಎಂಬುದನ್ನು ಕಂಪನಿಗಳು ಬಹಿರಂಗವಾಗಿ ಹೇಳಬೇಕು. ಪ್ಲಾಸ್ಮಾದ ಹೊಸ ದಾಖಲೆಗಳ ಸುದ್ದಿ ಬರೆಯುವಾಗ ಪತ್ರಿಕೆಗಳೂ ಈ ಪ್ರಶ್ನೆ ಕೇಳಲಿ.

— ಒಬ್ಬ ಓದುಗ